ಹೆಪ್ಪು ಕಟ್ಟಿದ್ದು ಎಲ್ಲಿ? ಹೃದಯಾಘಾತದ ಕುರಿತು ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ತಿಂಗಳು ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾರ್ಟ್ ಅಟ್ಯಾಕ್ ಮತ್ತು ರಕ್ತ ಹೆಪ್ಪುಗಟ್ಟುವುದರ ಬಗ್ಗೆಯೇ ಇವೆ. ಅನೇಕರು ಎಲ್ಲ ಹೆಪ್ಪುಗಳನ್ನೂ ಒಂದೇ ಎಂದು ತಿಳಿದಿದ್ದಾರೆ. ಹೃದಯದ ನಾಳದಲ್ಲಿ ಕಟ್ಟುವ ಹೆಪ್ಪು, ಕಾಲಿನಲ್ಲಿ ಕಟ್ಟುವ ಹೆಪ್ಪು, ಹೃದಯದ ಕೋಣೆಯೊಳಗೆ ಕಟ್ಟುವ ಹೆಪ್ಪು ಇವು ಮೂರೂ ಬೇರೆ ಬೇರೆ. ಹುಟ್ಟುವ ಕಾರಣವೂ ಬೇರೆ, ಕೊಡುವ ಮದ್ದೂ ಬೇರೆ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗಿ ತೊಂದರೆ ತಂದುಕೊಳ್ಳುವುದು ಇಲ್ಲಿಂದಲೇ.

ಪ್ರಶ್ನೆ: ನಮ್ಮ ಭಾವನವರಿಗೆ 48 ವರ್ಷ. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್ ಬಂದಿತ್ತು. ಎರಡೇ ತಿಂಗಳಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ಆಸ್ಪತ್ರೆಯಲ್ಲಿ ‘ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿತು’ ಎಂದರು. ಕೊಬ್ಬು ಕೂತು ನಾಳ ಮುಚ್ಚುತ್ತದೆ ಎಂದು ಕೇಳಿದ್ದೆವು. ಹೆಪ್ಪು ಎಲ್ಲಿಂದ ಬಂತು? ಪರೀಕ್ಷೆ ಸುಳ್ಳೇ? – ಓದುಗರೊಬ್ಬರು, ಡೊಂಬಿವಲಿ

ಪರೀಕ್ಷೆ ಸುಳ್ಳಲ್ಲ. ಆದರೆ ನೀವು ಕೇಳಬೇಕೆಂದಿದ್ದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ನಾಳಗಳ ಒಳವ್ಯಾಸ ಹೆಚ್ಚೆಂದರೆ 3–4 ಮಿಲಿಮೀಟರ್. ಅವುಗಳ ಗೋಡೆಯೊಳಗೆ, ಗಮನಿಸಿ, ಗೋಡೆಯ ಮೇಲಲ್ಲ, ಒಳಗೆ, ಕೊಲೆಸ್ಟರಾಲ್ ಮತ್ತು ಉರಿಯೂತದ ಜೀವಕೋಶಗಳು ವರ್ಷಗಟ್ಟಲೆ ಸೇರಿ ಗಂಟಾಗುತ್ತವೆ. ಇದಕ್ಕೆ ಪ್ಲಾಕ್ ಎನ್ನುತ್ತೇವೆ. ಅದರ ಮೇಲೊಂದು ನಾರಿನ ಪೊರೆ ಇರುತ್ತದೆ. ಪೊರೆ ದಪ್ಪಗಿದ್ದರೆ ಪ್ಲಾಕ್ ಇದ್ದಲ್ಲೇ ಇರುತ್ತದೆ. ಮಿಲಿಮೀಟರಿನ ಹದಿನೈದನೇ ಒಂದು ಭಾಗದಷ್ಟು ತೆಳುವಾದರೆ, ಬಲಿತ ಕುರು ಒಡೆದಂತೆ ಒಂದು ದಿನ ಒಡೆಯುತ್ತದೆ. ಒಳಗಿನ ಸರಕು ರಕ್ತಕ್ಕೆ ತಾಗುತ್ತದೆ.

ರಕ್ತದ ದೃಷ್ಟಿಯಲ್ಲಿ ಅದು ಗಾಯ. ಬೆರಳು ಕೊಯ್ದಾಗ ಏನು ಮಾಡುತ್ತದೋ ಅದನ್ನೇ ಅಲ್ಲೂ ಮಾಡುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳು ಓಡಾಡುತ್ತಿರುತ್ತವೆ. ಅವು ಬಿರುಕಿಗೆ ಅಂಟಿ, ಒಂದನ್ನೊಂದು ಕರೆದು, ನಿಮಿಷಗಳಲ್ಲೇ ಗುಡ್ಡೆಯಾಗುತ್ತವೆ. ಅಷ್ಟರಲ್ಲಿ ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಎಚ್ಚರಗೊಂಡು ಫೈಬ್ರಿನ್ ಎಂಬ ಎಳೆಗಳನ್ನು ಹೆಣೆಯುತ್ತವೆ. ಆ ಎಳೆಗಳಲ್ಲಿ ಕೆಂಪು ರಕ್ತಕಣಗಳು ಸಿಕ್ಕಿಕೊಳ್ಳುತ್ತವೆ. ಬೆರಳಿನಲ್ಲಾದರೆ ಇದರಿಂದ ಜೀವ ಉಳಿಯುತ್ತದೆ, 3 ಮಿಲಿಮೀಟರ್ ನಾಳದಲ್ಲಾದರೆ ದಾರಿ ಬಂದ್.

ಟ್ರೆಡ್‌ಮಿಲ್ ಪರೀಕ್ಷೆ ಹಿಡಿಯುವುದು ರಕ್ತದ ಹರಿವಿನ ಕೊರತೆಯನ್ನು. ನಾಳ ಸುಮಾರು 70 ಶೇಕಡಾ ಕಿರಿದಾದ ಮೇಲೆ ಆ ಕೊರತೆ ಓಡುವಾಗ ಕಾಣುತ್ತದೆ. ಆದರೆ ಒಡೆಯುವ ಪ್ಲಾಕ್‌ಗಳಲ್ಲಿ ಬಹಳಷ್ಟು ನಾಳವನ್ನು ಅರ್ಧದಷ್ಟೂ ಕಿರಿದಾಗಿಸಿರುವುದಿಲ್ಲ. ನಿಮ್ಮ ಭಾವನವರದ್ದು ಅಂಥದ್ದೇ ಇರಬಹುದು: ಹಿಂದಿನ ದಿನ 40 ಶೇಕಡಾ, ಪ್ಲಾಕ್ ಒಡೆದು ಹೆಪ್ಪು ಕೂತ ಅರ್ಧ ಗಂಟೆಯಲ್ಲಿ 100 ಶೇಕಡಾ. ‘ಚೆಕಪ್ ಆಗಿದೆ, ಇನ್ನೊಂದು ವರ್ಷ ಚಿಂತೆಯಿಲ್ಲ’ ಎಂಬ ಮಾತಿಗೆ ಆಧಾರವಿಲ್ಲ ಎನ್ನುವುದು ಇದೇ ಕಾರಣಕ್ಕೆ. ಪ್ಯಾಕೇಜ್ ಮಾರುವವರು ಇದನ್ನು ಹೇಳುವುದಿಲ್ಲ.

ಹೆಪ್ಪು ಅಟ್ಯಾಕಿಗೆ ಕಾರಣವೋ, ಸ್ನಾಯು ಸತ್ತ ಮೇಲೆ ಕಟ್ಟಿಕೊಳ್ಳುವ ಪರಿಣಾಮವೋ ಎಂದು ವೈದ್ಯರೇ 1970ರ ದಶಕದವರೆಗೆ ವಾದಿಸುತ್ತಿದ್ದರು. ಅಮೆರಿಕದ ಡಿವುಡ್ ಮತ್ತು ಸಂಗಡಿಗರು ಅಟ್ಯಾಕ್ ನಡೆಯುತ್ತಿರುವಾಗಲೇ ಆಂಜಿಯೋಗ್ರಾಂ ಮಾಡಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ಶುರುವಾದ ನಾಲ್ಕು ಗಂಟೆಯೊಳಗೆ ಪರೀಕ್ಷಿಸಿದವರಲ್ಲಿ 87 ಶೇಕಡಾ ಜನರ ನಾಳ ಪೂರ್ತಿ ಮುಚ್ಚಿತ್ತು. ವಾದ ಅಲ್ಲಿಗೆ ಮುಗಿಯಿತು. ಹೆಪ್ಪು ಕರಗಿಸುವ ಚಿಕಿತ್ಸೆಗೂ, ಬಲೂನು ಹಾಕಿ ತೆರೆಯುವುದಕ್ಕೂ ದಾರಿ ಅಲ್ಲಿಂದ ತೆರೆಯಿತು.

ಎಲ್ಲ ಅಟ್ಯಾಕೂ ಪ್ಲಾಕ್ ಒಡೆದೇ ಆಗುವುದಿಲ್ಲ. ಬೀಡಿ-ಸಿಗರೇಟು ಸೇದುವವರಲ್ಲಿ, ಕಡಿಮೆ ವಯಸ್ಸಿನ ಹೆಂಗಸರಲ್ಲಿ ನಾಳದ ಒಳಪದರ ಸವೆದು, ಪ್ಲಾಕ್ ಒಡೆಯದೆಯೂ ಹೆಪ್ಪು ಕಟ್ಟುವುದುಂಟು. ಹೊಗೆ ಪ್ಲೇಟ್‌ಲೆಟ್‌ಗಳನ್ನು ಇನ್ನಷ್ಟು ಅಂಟಂಟಾಗಿಸುತ್ತದೆ. ಸೇದುವುದು ಬಿಟ್ಟರೆ ಹೆಪ್ಪಿನ ಅಪಾಯ ಇಳಿಯುವುದು ವಾರಗಳ, ತಿಂಗಳುಗಳ ಲೆಕ್ಕದಲ್ಲಿ, ಕೊಬ್ಬು ಕರಗುವುದಕ್ಕಿಂತ ಎಷ್ಟೋ ಬೇಗ. ಭಾವನವರಿಗೆ ಕೊಟ್ಟಿರುವ ಸ್ಟ್ಯಾಟಿನ್ ಮಾತ್ರೆಯ ಕೆಲಸವೂ ಬರೀ ಕೊಲೆಸ್ಟರಾಲ್ ಅಂಕಿ ಇಳಿಸುವುದಲ್ಲ, ಉಳಿದ ಪ್ಲಾಕ್‌ಗಳ ಪೊರೆಯನ್ನು ದಪ್ಪ ಮಾಡುವುದು. ರಿಪೋರ್ಟ್ ಚೆನ್ನಾಗಿ ಬಂತೆಂದು ಅದನ್ನು ನಿಲ್ಲಿಸುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಪ್ರಶ್ನೆ: ನಮ್ಮದು ಹೋಟೆಲು. ಅಡುಗೆಯವರು, ಸಪ್ಲೈಯರು ಸೇರಿ ಇಪ್ಪತ್ತು ಜನ. ಯಾರಿಗಾದರೂ ಎದೆನೋವು ಬಂದರೆ ಎಂದು ಗಲ್ಲಾದಲ್ಲಿ ಸಾರ್ಬಿಟ್ರೇಟ್ ಇಟ್ಟಿದ್ದೇವೆ. ಅದು ಹೆಪ್ಪು ಕರಗಿಸುತ್ತದಂತೆ, ನಿಜವೇ? ಡಿಸ್ಪ್ರಿನ್ ಇಡಬೇಕೇ? ಎಷ್ಟು ಕೊಡಬೇಕು? – ಹೋಟೆಲ್ ಮಾಲಕರು, ಘಾಟ್‌ಕೋಪರ್

ಸಾರ್ಬಿಟ್ರೇಟ್ ಹೆಪ್ಪು ಕರಗಿಸುವುದಿಲ್ಲ. ನಾಳವನ್ನು ಸಡಿಲಿಸಿ ನೋವು ಕಡಿಮೆ ಮಾಡುತ್ತದೆ, ಅಷ್ಟೇ. ಬಿ.ಪಿ.ಯನ್ನೂ ಇಳಿಸುತ್ತದೆ. ಮೊದಲೇ ಬೆವರಿ ಬಿ.ಪಿ. ಬಿದ್ದಿರುವವನ ನಾಲಿಗೆ ಕೆಳಗೆ ಅದನ್ನಿಟ್ಟು ನಿಲ್ಲಿಸಿದರೆ ಅಲ್ಲೇ ಕುಸಿದು ಬೀಳುತ್ತಾನೆ. ಹೃದಯದ ಬಲಭಾಗದ ಅಟ್ಯಾಕಿನಲ್ಲಂತೂ ಇದು ಇನ್ನೂ ಅಪಾಯ. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ಮಾತ್ರೆ ತೆಗೆದುಕೊಂಡು 24 ಗಂಟೆ ಆಗಿರದಿದ್ದರೆ, ಟಾಡಾಲಾಫಿಲ್ ಆದರೆ 48 ಗಂಟೆ ಆಗಿರದಿದ್ದರೆ ಕೊಡಲೇಬಾರದು. ನಾಲ್ಕು ಜನರೆದುರು ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕಿವಿಯಲ್ಲಿ ಕೇಳಬೇಕು. ಹೃದ್ರೋಗವಿದ್ದು, ಅವರದೇ ವೈದ್ಯರು ಬರೆದುಕೊಟ್ಟಿದ್ದರೆ ಅವರು ಕೂತುಕೊಂಡು 5 ಮಿಲಿಗ್ರಾಂನ ಒಂದು ಮಾತ್ರೆ ಇಟ್ಟುಕೊಳ್ಳಲಿ. ಗಲ್ಲಾದಿಂದ ನೀವು ಹಂಚಬೇಡಿ.

ಗಲ್ಲಾದಲ್ಲಿ ಇಡಬೇಕಾದದ್ದು ಆಸ್ಪಿರಿನ್. ಅದೂ ಕಟ್ಟಿದ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯುತ್ತಿರುವ ಹೆಪ್ಪಿಗೆ ಹೊಸ ಪ್ಲೇಟ್‌ಲೆಟ್ ಸೇರದಂತೆ ತಡೆಯುತ್ತದೆ. 1988ರಲ್ಲಿ ಪ್ರಕಟವಾದ, ಸುಮಾರು 17 ಸಾವಿರ ರೋಗಿಗಳ ಅಧ್ಯಯನದಲ್ಲಿ, ಅಟ್ಯಾಕ್ ಆದಾಗಿನಿಂದ ತಿಂಗಳ ಕಾಲ ದಿನಕ್ಕೊಂದು ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟದ್ದರಿಂದಲೇ ಸಾವು ಸುಮಾರು ಕಾಲು ಭಾಗ ಕಡಿಮೆಯಾಯಿತು. ಇಷ್ಟು ಅಗ್ಗದ ಮದ್ದು ಹೃದ್ರೋಗದಲ್ಲಿ ಇನ್ನೊಂದಿಲ್ಲ.

ಪ್ರಮಾಣ 300 ಮಿಲಿಗ್ರಾಂ ಆಸುಪಾಸು. ಡಿಸ್ಪ್ರಿನ್ ಆದರೆ ಒಂದು ಮಾತ್ರೆ, ಅರ್ಧ ಲೋಟ ನೀರಿನಲ್ಲಿ ಕದಡಿ ಅಥವಾ ಅಗಿದು. ಇಕೋಸ್ಪ್ರಿನ್ 75 ಇದ್ದರೆ ನಾಲ್ಕು, 150 ಇದ್ದರೆ ಎರಡು. ಇಕೋಸ್ಪ್ರಿನ್ ಮೇಲೆ ಹೊಟ್ಟೆಯಲ್ಲಿ ಕರಗದ ಲೇಪನವಿರುತ್ತದೆ, ಇಡಿಯಾಗಿ ನುಂಗಿದರೆ ಕೆಲಸ ಶುರುವಾಗಲು ಗಂಟೆಗಳೇ ಬೇಕು. ಅದಕ್ಕೇ ಹಲ್ಲಿನಲ್ಲಿ ಚೆನ್ನಾಗಿ ಅಗಿಯಬೇಕು. ಗಡಿಬಿಡಿಯಲ್ಲಿ ಆಗುವ ಇನ್ನೊಂದು ಎಡವಟ್ಟು ಎಂದರೆ ‘ನೋವಿನ ಮಾತ್ರೆ’ ಎಂದು ಕ್ರೋಸಿನ್, ಕಾಂಬಿಫ್ಲಾಂ ಕೊಡುವುದು. ಅವೆರಡರಲ್ಲೂ ಆಸ್ಪಿರಿನ್ ಇಲ್ಲ.

ಯಾರಿಗೆ ಕೊಡಬಾರದು? ಆಸ್ಪಿರಿನ್ ಅಲರ್ಜಿ ಇರುವವರಿಗೆ, ಅದರಿಂದ ಉಬ್ಬಸ ಕೆರಳುವವರಿಗೆ, ಹೊಟ್ಟೆಹುಣ್ಣಿನಿಂದ ಇತ್ತೀಚೆಗೆ ರಕ್ತ ಹೋದವರಿಗೆ. ಬಾಯಿ ಸೊಟ್ಟಗಾಗಿ, ಮಾತು ತೊದಲಿ, ಒಂದು ಕೈ ಎತ್ತಲಾಗದಿದ್ದರೆ ಅದು ಪಾರ್ಶ್ವವಾಯು. ಮಿದುಳಿನಲ್ಲಿ ರಕ್ತಸ್ರಾವವೂ ಆಗಿರಬಹುದು, ಸ್ಕ್ಯಾನ್ ಆಗುವವರೆಗೆ ಆಸ್ಪಿರಿನ್ ಬೇಡ. ಬೆನ್ನು ಸೀಳಿದಂಥ ನೋವು ಒಮ್ಮೆಲೇ ಬಂದರೆ ಮಹಾಧಮನಿಯ ಗೋಡೆ ಬಿರಿದಿರಬಹುದು, ಆಗಲೂ ಬೇಡ. ಮುಂಬಯಿಯ ಮಳೆಗಾಲದಲ್ಲಿ ಜ್ವರ, ಮೈಕೈ ನೋವಿನ ಜೊತೆ ಎದೆ ಹಿಡಿದುಕೊಂಡವರಿಗೂ ಯೋಚಿಸಿ ಕೊಡಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ.

ಮಾತ್ರೆಗಿಂತ ಮುಖ್ಯವಾದದ್ದು ಸಮಯ. ನಾಳ ಪೂರ್ತಿ ಮುಚ್ಚಿದರೆ ಇಪ್ಪತ್ತು–ಮೂವತ್ತು ನಿಮಿಷದಲ್ಲಿ ಸ್ನಾಯು ಸಾಯತೊಡಗುತ್ತದೆ, ಆರರಿಂದ ಹನ್ನೆರಡು ಗಂಟೆಯಲ್ಲಿ ಆ ಭಾಗದ ಬಹುಪಾಲು ಹೋಗಿಬಿಡುತ್ತದೆ. ನಮ್ಮಲ್ಲಿ ಮೊದಲ ಎರಡು ಗಂಟೆ ಹೋಗುವುದು ‘ಗ್ಯಾಸ್’ ಎಂಬ ಹೆಸರಲ್ಲಿ: ಸೋಡಾ ಕುಡಿಸುವುದು, ಈನೋ ಕೊಡುವುದು, ಬೆನ್ನು ತಿಕ್ಕುವುದು. ಎದೆಯ ನಡುವೆ ಒತ್ತಿದಂತೆ, ಬಿಗಿದಂತೆ ಆಗಿ, ದವಡೆಗೆ, ಎಡಗೈಗೆ ಅಥವಾ ಎರಡೂ ಕೈಗೆ ಹರಿದು, ತಣ್ಣನೆಯ ಬೆವರು ಬಂದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬಾರದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ವಾಂತಿ, ವಿಪರೀತ ಸುಸ್ತು ಆಗಿ ಬರುವುದೂ ಇದೆ.

ಕೂರಿಸಿ, ಬೆನ್ನಿಗೆ ಒರಗು ಕೊಡಿ. ಮೆಟ್ಟಿಲು ಹತ್ತಿಳಿಸಬೇಡಿ. 108ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರ, ಗೋವಾ ಎರಡರಲ್ಲೂ ಅದೇ ಸಂಖ್ಯೆ. ಎಲ್.ಬಿ.ಎಸ್. ರಸ್ತೆಯ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ತಡವೆಂದು ಗೊತ್ತಾದರೆ ಟ್ಯಾಕ್ಸಿಯಾದರೂ ಸರಿ, ಆದರೆ ರೋಗಿ ತಾನೇ ಬೈಕ್ ಓಡಿಸಿಕೊಂಡು ಹೋಗಬಾರದು. ಹತ್ತಿರದ ನರ್ಸಿಂಗ್ ಹೋಮ್ ಅಲ್ಲ, ಹತ್ತಿರದ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆ ಯಾವುದು, ರಾತ್ರಿ ಎರಡು ಗಂಟೆಗೂ ಅಲ್ಲಿ ಆಂಜಿಯೋಪ್ಲಾಸ್ಟಿ (ಬಲೂನು ಹಾಕಿ ನಾಳ ತೆರೆಯುವುದು) ಮಾಡುತ್ತಾರಾ ಎಂದು ಇವತ್ತೇ ವಿಚಾರಿಸಿ ಗಲ್ಲಾದ ಮೇಲೆ ಬರೆದಂಟಿಸಿ. ಹೋದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು. ಮೊದಲ ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ತೋರಿಸುವ ಟ್ರೋಪೋನಿನ್‌ನ ಮೊದಲ ರಕ್ತಪರೀಕ್ಷೆ ನಾರ್ಮಲ್ ಬಂದರೂ ನೋವು ಮುಂದುವರಿದಿದ್ದರೆ ಮನೆಗೆ ಬರಬೇಡಿ. ಟ್ರೋಪೋನಿನ್ ರಕ್ತದಲ್ಲಿ ಏರಲು ಕೆಲವು ಗಂಟೆ ಬೇಕು, ಮತ್ತೆ ಪರೀಕ್ಷಿಸಲೇಬೇಕು.

ಪ್ರಜ್ಞೆ ತಪ್ಪಿ, ಉಸಿರು ನಿಂತರೆ ಎದೆಯ ಮಧ್ಯೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100–120 ಸಲ, 5–6 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ. ಜೋರಾಗಿ ಕೆಮ್ಮಿದರೆ ಅಟ್ಯಾಕ್ ನಿಲ್ಲುತ್ತದೆ ಎಂದು ವಾಟ್ಸಾಪಿನಲ್ಲಿ ಸುತ್ತುವುದನ್ನು ನಂಬಬೇಡಿ, ಕೆಮ್ಮಿದರೆ ಹೆಪ್ಪು ಅಲುಗುವುದೂ ಇಲ್ಲ.

ಪ್ರಶ್ನೆ: ನಮ್ಮ ಅಣ್ಣಾವ್ರಿಗೆ ಎದೆನೋವು ಬಂದಾಗ ಸರ್ಕಾರಿ ಆರೋಗ್ಯ ಕೇಂದ್ರದಾಗ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ಟು ಬಾಂಬೋಳಿಂಗೆ ಕಳಿಸಿದ್ರು. ಮರುದಿನ ಅಲ್ಲಿ ಸ್ಟೆಂಟ್ ಹಾಕಿದ್ರು. ಹೆಪ್ಪು ಕರಗಿದ ಮೇಲೆ ಸ್ಟೆಂಟ್ ಯಾಕ್ರಿ? ನಮ್ಮ ಓಣಿಯ ಇನ್ನೊಬ್ಬರಿಗೂ ಹಾರ್ಟ್ ಅಟ್ಯಾಕ್ ಅಂದ್ರು, ಅವರಿಗೆ ಆ ಇಂಜೆಕ್ಷನ್ ಕೊಡಲೇ ಇಲ್ಲ. ಇದರಾಗ ಏನು ಭೇದ? – ಓದುಗರು, ವಾಸ್ಕೊ

ನಿಮ್ಮ ಅಣ್ಣನವರಿಗೆ ಆದದ್ದು ಸರಿಯಾದ ಕ್ರಮವೇ. ಗೋವಾದಲ್ಲಿ ಸ್ಟೆಮಿ (ನಾಳ ಪೂರ್ತಿ ಮುಚ್ಚುವ ಬಗೆಯ ಅಟ್ಯಾಕ್) ಯೋಜನೆಯಡಿ ಊರಿನ ಆರೋಗ್ಯ ಕೇಂದ್ರಗಳಲ್ಲೇ ಇಸಿಜಿ ತೆಗೆದು, ತಜ್ಞರಿಂದ ಓದಿಸಿ, ಬೇಕೆಂದರೆ ಅಲ್ಲೇ ಇಂಜೆಕ್ಷನ್ ಕೊಟ್ಟು ಬಾಂಬೋಳಿಂನ ಗೋವಾ ಮೆಡಿಕಲ್ ಕಾಲೇಜಿಗೆ ಕಳಿಸುವ ವ್ಯವಸ್ಥೆ ಇದೆ. ರಜೆಗೆ ಊರಿಗೆ ಹೋದಾಗಲೂ ನೆನಪಿರಲಿ: ಕರ್ನಾಟಕದ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇದೇ ಬಗೆಯ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಬೆಳಗಾವಿಗೋ ಹುಬ್ಬಳ್ಳಿಗೋ ನೇರ ಕಾರು ಹತ್ತಿಸುವ ಮೊದಲು ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ.

ಕೊಟ್ಟದ್ದು ಬಹುಶಃ ಟೆನೆಕ್ಟಿಪ್ಲೇಸ್. ತೂಕ ನೋಡಿ 30ರಿಂದ 50 ಮಿಲಿಗ್ರಾಂ, ಒಂದೇ ಸಲಕ್ಕೆ ನರಕ್ಕೆ ಕೊಡುತ್ತಾರೆ. 75 ದಾಟಿದವರಿಗೆ ಅರ್ಧ ಪ್ರಮಾಣ. ಹಳೆಯ ಮದ್ದು ಸ್ಟ್ರೆಪ್ಟೋಕೈನೇಸ್ ಆದರೆ 15 ಲಕ್ಷ ಯೂನಿಟ್, 30–60 ನಿಮಿಷ ಡ್ರಿಪ್‌ನಲ್ಲಿ. ಅದನ್ನು ಒಮ್ಮೆ ತೆಗೆದುಕೊಂಡವರ ದೇಹದಲ್ಲಿ ಪ್ರತಿಕಾಯ ಹುಟ್ಟುವುದರಿಂದ ಎರಡನೇ ಸಲ ಕೊಡುವುದಿಲ್ಲ, ಆ ಚೀಟಿಯನ್ನು ಜೋಪಾನವಾಗಿ ಇಡಬೇಕು. ಎರಡೂ ಮಾಡುವುದು ಒಂದೇ: ಫೈಬ್ರಿನ್ ಎಳೆಗಳನ್ನು ಕತ್ತರಿಸುವುದು. ನೋವು ಶುರುವಾದ 12 ಗಂಟೆಯೊಳಗೆ ಕೊಡಬಹುದು, ಆದರೆ ಮೊದಲ ಮೂರು ಗಂಟೆಯಲ್ಲಿ ಕೊಟ್ಟಾಗ ಸಿಗುವ ಲಾಭ ಆಮೇಲೆ ಸಿಗುವುದಿಲ್ಲ. ಹೆಪ್ಪು ಹಳೆಯದಾದಷ್ಟೂ ಗಟ್ಟಿ.

ಇಂಜೆಕ್ಷನ್ ಕರಗಿಸುವುದು ಹೆಪ್ಪನ್ನು, ಒಡೆದ ಪ್ಲಾಕ್ ಅಲ್ಲೇ ಇರುತ್ತದೆ. ಅದರ ಮೇಲೆ ಮತ್ತೆ ಹೆಪ್ಪು ಕಟ್ಟಬಹುದು. ಹಾಗಾಗಿ ಮುಂದಿನ 24 ಗಂಟೆಯೊಳಗೆ ಆಂಜಿಯೋಗ್ರಾಂ ಮಾಡಿ, ಬೇಕಾದಲ್ಲಿ ಸ್ಟೆಂಟ್ ಹಾಕುತ್ತಾರೆ. ಎಲ್ಲರಲ್ಲೂ ಇಂಜೆಕ್ಷನ್ ಫಲಿಸುವುದೂ ಇಲ್ಲ. 60–90 ನಿಮಿಷದ ಮೇಲೆ ಇಸಿಜಿಯಲ್ಲಿ ಏರಿದ್ದ ಗೆರೆ ಅರ್ಧಕ್ಕಾದರೂ ಇಳಿಯದಿದ್ದರೆ, ನೋವು ಹಾಗೇ ಇದ್ದರೆ ಮರುದಿನಕ್ಕೆ ಕಾಯದೆ ತಕ್ಷಣವೇ ಬಲೂನು. ಎರಡು ಗಂಟೆಯೊಳಗೆ ಕ್ಯಾಥ್‌ಲ್ಯಾಬ್ ಸಿಗುವಲ್ಲಿ ಇಂಜೆಕ್ಷನ್ ಬಿಟ್ಟು ನೇರ ಆಂಜಿಯೋಪ್ಲಾಸ್ಟಿಯೇ ಮೇಲು.

ಇನ್ನು ಓಣಿಯವರ ವಿಷಯ. ಅಟ್ಯಾಕಿನಲ್ಲಿ ಎರಡು ಬಗೆ. ನಾಳ ಪೂರ್ತಿ ಮುಚ್ಚಿದಾಗ ಇಸಿಜಿಯ ಎಸ್‌ಟಿ ಗೆರೆ ಮೇಲೇಳುತ್ತದೆ. ಅಲ್ಲಿನ ಹೆಪ್ಪಿನಲ್ಲಿ ಫೈಬ್ರಿನ್ ಹೇರಳ, ಇಂಜೆಕ್ಷನ್ನಿಗೆ ಬಗ್ಗುತ್ತದೆ. ನಾಳ ಅರೆಬರೆ ಮುಚ್ಚಿದ ಬಗೆಯಲ್ಲಿ ಎಸ್‌ಟಿ ಏಳುವುದಿಲ್ಲ, ಟ್ರೋಪೋನಿನ್ ಮಾತ್ರ ಏರುತ್ತದೆ. ಅಲ್ಲಿ ಪ್ಲೇಟ್‌ಲೆಟ್‌ಗಳೇ ತುಂಬಿದ ಬಿಳಿಚಿದ ಹೆಪ್ಪು. ಅದಕ್ಕೆ ಕರಗಿಸುವ ಇಂಜೆಕ್ಷನ್ ನಾಟುವುದಿಲ್ಲ, ಕೊಟ್ಟರೆ ಲಾಭವಿಲ್ಲದೆ ರಕ್ತಸ್ರಾವದ ಅಪಾಯವಷ್ಟೇ. ಆಸ್ಪಿರಿನ್, ಅದರ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್, ಹೆಪಾರಿನ್, ಆಮೇಲೆ ಆಂಜಿಯೋಗ್ರಾಂ ಅವರಿಗೆ ಸರಿ. ಮೊದಲ ಬಗೆಯಲ್ಲೂ ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ, ಇತ್ತೀಚೆಗೆ ದೊಡ್ಡ ಆಪರೇಷನ್ ಅಥವಾ ತಲೆಗೆ ಪೆಟ್ಟಾಗಿದ್ದರೆ, ಬಿ.ಪಿ. 180/110ಕ್ಕಿಂತ ಇಳಿಯದಿದ್ದರೆ ಇಂಜೆಕ್ಷನ್ ಕೊಡುವುದಿಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಈ ಮದ್ದಿನಿಂದಲೇ ಮಿದುಳಿನಲ್ಲಿ ರಕ್ತ ಸೋರುತ್ತದೆ. ಹಾಗಾಗಿ ಡಾಕ್ಟರು ಹಳೆಯ ಕಾಯಿಲೆ ಕೇಳಿದಾಗ ಮುಚ್ಚಿಡಬಾರದು.

ಪ್ರಶ್ನೆ: ಅಮ್ಮ ಕುಂದಾಪುರದಿಂದ ರಾತ್ರಿ ಬಸ್ಸಿನಲ್ಲಿ ಬಂದರು. ಎರಡು ದಿನ ಬಿಟ್ಟು ಎಡಗಾಲಿನ ಮೀನಖಂಡ ಊದಿಕೊಂಡು ನೋಯುತ್ತಿದೆ. ಹೆಪ್ಪು ಇರಬಹುದು, ಹೃದಯಕ್ಕೆ ಹೋದರೆ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ನೆರೆಯವರು ಹೆದರಿಸಿದ್ದಾರೆ. ಮನೆಯಲ್ಲಿದ್ದ ಇಕೋಸ್ಪ್ರಿನ್ ಕೊಡಲೇ? – ಓದುಗರು, ಮುಲುಂಡ್

ಇದನ್ನು ಓದುವವರೆಗೆ ಕಾಯದೆ ನೀವು ಡಾಕ್ಟರ ಬಳಿ ಹೋಗಿದ್ದೀರಿ ಎಂದು ಭಾವಿಸುತ್ತೇವೆ. ಒಂದೇ ಕಾಲು ಊದಿ, ಮೊಣಕಾಲಿನ ಕೆಳಗಿರುವ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಟೇಪು ಹಿಡಿದು ಅಳೆದರೆ ಇನ್ನೊಂದು ಕಾಲಿಗಿಂತ 3 ಸೆಂಟಿಮೀಟರಿಗೂ ಹೆಚ್ಚು ದಪ್ಪವಿದ್ದರೆ ಅದೇ ದಿನ ನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗಬೇಕು.

ನೆರೆಯವರ ಹೆದರಿಕೆಗೆ ಕಾರಣವಿದೆ, ದಾರಿ ಮಾತ್ರ ತಪ್ಪಿದೆ. ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಿತ್ತು ಹೊರಟರೆ ಹೃದಯದ ಬಲಭಾಗದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿನ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹೃದಯದ ಸ್ನಾಯುವಿನ ನಾಳಗಳು ಇರುವುದು ಎಡಭಾಗದ ರಕ್ತ ಹೊರಡುವ ಮಹಾಧಮನಿಯ ಬುಡದಲ್ಲಿ. ಹೃದಯದ ನಡುಗೋಡೆಯಲ್ಲಿ ತೂತಿದ್ದು ಹೆಪ್ಪು ಅದರ ಮೂಲಕ ದಾಟುವ ಅಪರೂಪದ ಸಂದರ್ಭ ಬಿಟ್ಟರೆ ಕಾಲಿನ ಹೆಪ್ಪು ಅಲ್ಲಿಗೆ ತಲಪುವುದೇ ಇಲ್ಲ. ಶ್ವಾಸಕೋಶದಲ್ಲಿ ಕೂತರೂ ಜೀವಕ್ಕೆ ಅಪಾಯವೇ: ಒಮ್ಮೆಲೇ ಏದುಸಿರು, ಉಸಿರೆಳೆದಾಗ ಚುಚ್ಚುವ ನೋವು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು. ಇವುಗಳಲ್ಲಿ ಒಂದು ಕಂಡರೂ ನೇರ ಎಮರ್ಜೆನ್ಸಿಗೆ.

ಇಕೋಸ್ಪ್ರಿನ್ ಕೊಟ್ಟು ಸುಮ್ಮನಾಗಬೇಡಿ. ಅಭಿಧಮನಿಯಲ್ಲಿ ರಕ್ತ ನಿಧಾನ, ಅಲ್ಲಿನ ಹೆಪ್ಪು ಮುಖ್ಯವಾಗಿ ಫೈಬ್ರಿನ್ನಿನದು. ಪ್ಲೇಟ್‌ಲೆಟ್ ತಡೆಯುವ ಆಸ್ಪಿರಿನ್ ಅದಕ್ಕೆ ಸಾಲದು, ಹೆಪಾರಿನ್, ರಿವರಾಕ್ಸಬಾನ್, ಅಪಿಕ್ಸಬಾನ್‌ನಂಥವು ಬೇಕು, ಕನಿಷ್ಠ ಮೂರು ತಿಂಗಳು. ರಿವರಾಕ್ಸಬಾನ್ ಬರೆದರೆ ಮೊದಲ 21 ದಿನ 15 ಮಿಲಿಗ್ರಾಂ ದಿನಕ್ಕೆರಡು ಸಲ, ಆಮೇಲೆ 20 ಮಿಲಿಗ್ರಾಂ ದಿನಕ್ಕೊಂದು, ಊಟದ ಜೊತೆಗೇ. ಬರಿಹೊಟ್ಟೆಯಲ್ಲಿ ಅದು ಸರಿಯಾಗಿ ಹೀರಿಕೊಳ್ಳುವುದಿಲ್ಲ. 22ನೇ ದಿನ ಸ್ಟ್ರಿಪ್ ಬದಲಾಯಿಸುವುದನ್ನು ಮರೆಯುವವರೇ ಹೆಚ್ಚು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಊದಿದ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ.

ಮುಂದಿನ ಸಲ ಊರಿಗೆ ಹೋಗುವಾಗ ಎದ್ದು ಓಡಾಡಲು ಜಾಗವಿರುವ ರೈಲು ಒಳ್ಳೆಯದು. ಬಸ್ಸೇ ಆದರೆ ಪ್ರತಿ ನಿಲುಗಡೆಯಲ್ಲೂ ಇಳಿದು ನಡೆಯಲಿ, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ದಾರಿಯಲ್ಲಿ ಶೌಚಾಲಯ ಸಿಗದೆಂದು ಹೆಂಗಸರು ಇಡೀ ಪ್ರಯಾಣ ನೀರು ಕುಡಿಯುವುದಿಲ್ಲ. ಆ ಅಭ್ಯಾಸವೂ ಇಲ್ಲಿ ಕೆಡುಕೇ.

ಪ್ರಶ್ನೆ: 2021ರಲ್ಲಿ ಕೋವಿಶೀಲ್ಡ್ ಎರಡು ಡೋಸ್ ತೆಗೆದುಕೊಂಡಿದ್ದೇನೆ. ಅದರಿಂದ ಹೆಪ್ಪು ಕಟ್ಟಿ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂಬ ಸುದ್ದಿ ಓದಿ ನಿದ್ದೆ ಬರುತ್ತಿಲ್ಲ. ಡಿ-ಡೈಮರ್ ಮಾಡಿಸಲೇ? – ಓದುಗರು, ಕೊಥ್ರೂಡ್, ಪುಣೆ

ಬೇಡ. ನಿಮ್ಮ ಊರಿನ ಸೀರಂ ಇನ್‌ಸ್ಟಿಟ್ಯೂಟಿನಲ್ಲೇ ತಯಾರಾದ ಆ ಲಸಿಕೆಯಿಂದ ಬಹಳ ಅಪರೂಪವಾಗಿ ಒಂದು ಬಗೆಯ ಹೆಪ್ಪು ಕಟ್ಟುವುದು ನಿಜ. ಲಸಿಕೆ ಪಡೆದ ಕೆಲವರಲ್ಲಿ ಪ್ಲೇಟ್‌ಲೆಟ್‌ನ ಒಂದು ಪ್ರೋಟೀನಿನ ವಿರುದ್ಧ ಪ್ರತಿಕಾಯ ಹುಟ್ಟಿ, ಪ್ಲೇಟ್‌ಲೆಟ್ ಸಂಖ್ಯೆ ಇಳಿದು, ಮಿದುಳಿನ, ಹೊಟ್ಟೆಯ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟಿತು. ಅದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಲಸಿಕೆಯ 4ರಿಂದ 42 ದಿನಗಳ ಒಳಗೆ. ವರ್ಷಗಳ ನಂತರದ ಅಟ್ಯಾಕಿಗೂ ಅದಕ್ಕೂ ಸಂಬಂಧವಿಲ್ಲ. ಕೋವಿಡ್ ಸೋಂಕೇ ಮೊದಲ ಕೆಲವು ವಾರ ಹೆಪ್ಪಿನ ಅಪಾಯವನ್ನು ಹೆಚ್ಚಿಸುತ್ತಿತ್ತು. ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಚೂರುಗಳನ್ನು ಅಳೆಯುವ ಡಿ-ಡೈಮರ್ ಜ್ವರ, ಬಸುರು, ಪೆಟ್ಟು, ವಯಸ್ಸು ಹೀಗೆ ನೂರು ಕಾರಣಕ್ಕೆ ಏರುತ್ತದೆ, ಲಕ್ಷಣವಿಲ್ಲದೆ ಮಾಡಿಸಿದರೆ ಇರುವ ನಿದ್ದೆಯೂ ಹೋಗುತ್ತದೆ. ಆ ದುಡ್ಡಿನಲ್ಲಿ ಬಿ.ಪಿ., ಸಕ್ಕರೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ನೋಡಿಸಿ.

ಪ್ರಶ್ನೆ: ಐದು ತಿಂಗಳ ಹಿಂದೆ ಅಟ್ಯಾಕ್ ಆಗಿ ನಮ್ಮ ಯಜಮಾನರಿಗೆ ಸ್ಟೆಂಟ್ ಹಾಕಿದ್ದಾರೆ. ಈಗ ಹಲ್ಲು ಕೀಳಬೇಕು. ಹಲ್ಲಿನ ಡಾಕ್ಟರು ‘ರಕ್ತ ತೆಳುವಾಗುವ ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ’ ಎಂದಿದ್ದಾರೆ. ನಿಲ್ಲಿಸಬಹುದೇ? – ಓದುಗರು, ಚಿಂಚ್‌ವಡ್

ನಿಲ್ಲಿಸಬೇಡಿ. ಹೃದಯದ ಡಾಕ್ಟರಿಗೆ ಫೋನ್ ಮಾಡದೆ ಒಂದು ದಿನವೂ ನಿಲ್ಲಿಸಬೇಡಿ.

ಸ್ಟೆಂಟ್ ಎಂದರೆ ಲೋಹದ ಜಾಲರಿ. ಅದರ ಮೇಲೆ ನಾಳದ ಒಳಪದರ ಬೆಳೆದು ಮುಚ್ಚುವವರೆಗೆ ಪ್ಲೇಟ್‌ಲೆಟ್‌ಗಳಿಗೆ ಅದು ಹೊರಗಿನ ವಸ್ತು. ಸ್ಟೆಂಟಿನೊಳಗೆ ಹೆಪ್ಪು ಕಟ್ಟಿದರೆ ನಾಳ ಒಮ್ಮೆಲೇ ಮುಚ್ಚುತ್ತದೆ, ಮೊದಲ ಅಟ್ಯಾಕಿಗಿಂತ ದೊಡ್ಡ ಅಟ್ಯಾಕ್ ಆಗಬಹುದು. ಮೊದಲ ಒಂದು ತಿಂಗಳು ಈ ಅಪಾಯ ಅತಿ ಹೆಚ್ಚು. ಅಟ್ಯಾಕಿಗೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಎರಡು ಮಾತ್ರೆಯ ಜೋಡಿ (ಆಸ್ಪಿರಿನ್, ಅದರ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್‌ನಂಥದ್ದು) ಸಾಮಾನ್ಯವಾಗಿ ಹನ್ನೆರಡು ತಿಂಗಳು. ರಕ್ತಸ್ರಾವದ ಅಪಾಯವಿರುವವರಿಗೆ ಅದನ್ನು ಮೊಟಕುಗೊಳಿಸುವುದುಂಟು, ಆ ನಿರ್ಧಾರ ಹೃದಯದ ಡಾಕ್ಟರದ್ದು. ಆಸ್ಪಿರಿನ್ ಹೆಚ್ಚಾಗಿ ಜೀವನಪರ್ಯಂತ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಅದರ 7–10 ದಿನದ ಆಯುಷ್ಯ ಮುಗಿಯುವವರೆಗೆ ಸುಧಾರಿಸುವುದಿಲ್ಲ, ಮಾತ್ರೆ ನಿಲ್ಲಿಸಿದರೆ ದಿನಕ್ಕೆ ಹತ್ತರಲ್ಲೊಂದು ಪಾಲು ಹೊಸ ಪ್ಲೇಟ್‌ಲೆಟ್ ಬರುತ್ತದೆ. ಐದು ದಿನ ಬಿಟ್ಟರೆ ಅರ್ಧ ಸೈನ್ಯ ಮತ್ತೆ ಸಜ್ಜಾಗಿರುತ್ತದೆ.

ಹಲ್ಲು ಕಿತ್ತ ಜಾಗದ ರಕ್ತವನ್ನು ಬಾಯಲ್ಲೇ ನಿಲ್ಲಿಸಬಹುದು. ಒಂದು ಸಲಕ್ಕೆ ಒಂದೆರಡೇ ಹಲ್ಲು, ಬೆಳಗಿನ ಹೊತ್ತು ಮತ್ತು ವಾರದ ಆರಂಭದಲ್ಲಿ, ರಕ್ತ ನಿಲ್ಲದಿದ್ದರೆ ಮತ್ತೆ ತೋರಿಸಲು ಕ್ಲಿನಿಕ್ ತೆರೆದಿರುವಂತೆ. ಕಿತ್ತ ಮೇಲೆ ಹೊಲಿಗೆ, ಗಾಜ್ (ತೆಳು ಹತ್ತಿಬಟ್ಟೆ) ಕಚ್ಚಿ 30 ನಿಮಿಷ ಒತ್ತಡ, ಬೇಕಿದ್ದರೆ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ನೆನೆಸಿದ ಗಾಜ್. ಇಡೀ ಸಾಲು ಕೀಳಬೇಕಿದ್ದರೆ, ತುರ್ತಿಲ್ಲದಿದ್ದರೆ, ವರ್ಷ ತುಂಬಿದ ಮೇಲೆ ಮಾಡಿಸಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಬೇಡ, ಅದು ಆಸ್ಪಿರಿನ್ ಕೂರುವ ಜಾಗವನ್ನೇ ಹಿಡಿದು ಅದರ ಕೆಲಸ ಕೆಡಿಸುತ್ತದೆ, ರಕ್ತಸ್ರಾವವನ್ನೂ ಹೆಚ್ಚಿಸುತ್ತದೆ.

ಇನ್ನೆರಡು ಸಂಗತಿ. ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು ಅಸಿಡಿಟಿಗೆ ಒಮೆಪ್ರಝೋಲ್ ತಾವಾಗಿ ಕೊಂಡು ನುಂಗಬಾರದು, ಅದರಿಂದ ಕ್ಲೋಪಿಡೋಗ್ರೆಲ್‌ನ ಶಕ್ತಿ ಕುಂದುತ್ತದೆ. ಪ್ಯಾಂಟೊಪ್ರಝೋಲ್ ಆದರೆ ತೊಂದರೆ ಕಡಿಮೆ. ಟಿಕಾಗ್ರೆಲಾರ್ 90 ಮಿಲಿಗ್ರಾಂ ದಿನಕ್ಕೆರಡು ಸಲದ ಮಾತ್ರೆ. ಕೆಲವರಿಗೆ ಅದರಿಂದ ಉಸಿರು ಸಾಲದಂತೆ ಅನಿಸುತ್ತದೆ. ಹಾಗಾದರೆ ಡಾಕ್ಟರಿಗೆ ಹೇಳಿ ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಬಹುದು, ತಾವೇ ನಿಲ್ಲಿಸುವುದಲ್ಲ. ಕಪ್ಪು ಮಲ ಹೋದರೆ ಅದೇ ದಿನ ತೋರಿಸಿ.

ಪ್ರಶ್ನೆ: ನನಗೆ 62. ಕಾಯಿಲೆ ಯಾವುದೂ ಇಲ್ಲ. ಬೆಳಗಿನ ವಾಕಿಂಗ್ ಗೆಳೆಯರೆಲ್ಲ ‘ಮುಂಜಾಗ್ರತೆಗೆ’ ದಿನಾ ಇಕೋಸ್ಪ್ರಿನ್ 75 ತೆಗೆದುಕೊಳ್ಳುತ್ತಾರೆ. ನಾನೂ ಶುರುಮಾಡಲೇ? – ಓದುಗರು, ಅಂಧೇರಿ

ಬೇಡ. ಒಮ್ಮೆ ಅಟ್ಯಾಕ್ ಆದವರಿಗೆ, ಸ್ಟೆಂಟ್ ಇರುವವರಿಗೆ ಅದು ಜೀವ ಉಳಿಸುತ್ತದೆ. ಏನೂ ಆಗದ, ಅರುವತ್ತು ದಾಟಿದವರಲ್ಲಿ ತಡೆಯುವ ಅಟ್ಯಾಕಿಗೆ ಸರಿಸಮನಾಗಿ ಹೊಟ್ಟೆಯ, ಮಿದುಳಿನ ರಕ್ತಸ್ರಾವ ತರುತ್ತದೆ. 2018ರಲ್ಲಿ ಒಂದರ ಹಿಂದೊಂದು ಬಂದ ಮೂರು ದೊಡ್ಡ ಅಧ್ಯಯನಗಳ ನಂತರ ಈ ಅಭ್ಯಾಸವನ್ನು ವೈದ್ಯಲೋಕ ಬಿಟ್ಟಿದೆ. ಈಗಾಗಲೇ ತೆಗೆದುಕೊಳ್ಳುತ್ತಿರುವ ಗೆಳೆಯರು ಮಾತ್ರ ನಿಮ್ಮ ಮಾತು ಕೇಳಿ ನಿಲ್ಲಿಸುವುದು ಬೇಡ. ಯಾಕೆ ಬರೆದಿದ್ದರು ಎಂದು ತಮ್ಮ ಡಾಕ್ಟರನ್ನೇ ಕೇಳಲಿ.

ಪ್ರಶ್ನೆ: ಮಾವನವರಿಗೆ ಎದೆಬಡಿತ ತಾಳ ತಪ್ಪಿದೆ, ಹೃದಯದಲ್ಲಿ ಹೆಪ್ಪು ಕಟ್ಟಬಹುದು ಎಂದು ಆಸಿಟ್ರೋಮ್ ಕೊಟ್ಟಿದ್ದಾರೆ. ಇದೂ ಹಾರ್ಟ್ ಅಟ್ಯಾಕಿನ ಕಾಯಿಲೆಯೇ? ಸೊಪ್ಪು ತಿನ್ನಲೇಬಾರದೇ? – ಓದುಗರು, ಮಡಗಾಂವ್

ಅಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡುವುದಿಲ್ಲ. ಎಡಕೋಣೆಯ ಒಂದು ಚೀಲದಂಥ ಮೂಲೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಅದು ಹೊರಟರೆ ಹೆಚ್ಚಾಗಿ ಹೋಗುವುದು ಮಿದುಳಿಗೆ, ಆಗುವುದು ಪಾರ್ಶ್ವವಾಯು. ಕರೋನರಿ ನಾಳಕ್ಕೆ ಹೋಗುವುದು ಅಪರೂಪ. ಇಲ್ಲಿಯೂ ಆಸ್ಪಿರಿನ್ ಸಾಲದು.

ಆಸಿಟ್ರೋಮ್ ವಿಟಮಿನ್ ಕೆ ವಿರುದ್ಧ ಕೆಲಸ ಮಾಡುವ ಮದ್ದು. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐ.ಎನ್.ಆರ್. ಪರೀಕ್ಷೆ 2ರಿಂದ 3ರ ಒಳಗಿರಬೇಕು. 2ಕ್ಕಿಂತ ಇಳಿದರೆ ಹೆಪ್ಪು, 4 ದಾಟಿದರೆ ರಕ್ತಸ್ರಾವದ ಭಯ. ಪಾಲಕ್, ಮೆಂತ್ಯ, ಬಸಳೆ, ಹರಿವೆ ಬಿಡಬೇಕಾಗಿಲ್ಲ. ವಾರಕ್ಕೆ ಎರಡು ದಿನ ಸೊಪ್ಪಿನ ಪದಾರ್ಥ ಮಾಡುವ ಮನೆಯಲ್ಲಿ ಪ್ರತಿ ವಾರವೂ ಎರಡು ದಿನವೇ ಮಾಡಿ. ಸೊಪ್ಪು ಒಂದು ವಾರ ರಾಶಿ, ಇನ್ನೊಂದು ವಾರ ಶೂನ್ಯ ಆದಾಗಲೇ ಐ.ಎನ್.ಆರ್. ಕುಣಿಯುವುದು. ಅದಕ್ಕಿಂತ ಹೆಚ್ಚು ಕೆಡಿಸುವುದು ಔಷಧಿ ಅಂಗಡಿಯಿಂದ ತಂದ ಮಾತ್ರೆಗಳು: ಭೇದಿಗೆ ಮೆಟ್ರೊನಿಡಝೋಲ್, ಹುಳುಕಡ್ಡಿಗೆ ಫ್ಲುಕೊನಝೋಲ್, ಮಂಡಿನೋವಿಗೆ ಡೈಕ್ಲೊಫೆನಾಕ್. ಇವುಗಳಲ್ಲಿ ಯಾವುದನ್ನಾದರೂ ಡಾಕ್ಟರೇ ಬರೆದರೂ ‘ಆಸಿಟ್ರೋಮ್ ಇದೆ’ ಎಂದು ನೆನಪಿಸಿ, ಐದಾರು ದಿನದಲ್ಲಿ ಐ.ಎನ್.ಆರ್. ಮತ್ತೆ ಮಾಡಿಸಿ.

ಆಸಿಟ್ರೋಮ್ 1, 2, 3, 4 ಮಿಲಿಗ್ರಾಂಗಳಲ್ಲಿ ಬರುತ್ತದೆ. ಅಂಗಡಿಯವರು 2ರ ಬದಲು 4 ಕೊಟ್ಟು, ಮನೆಯವರು ನೋಡದೆ ನುಂಗಿಸಿ, ಮೂಗಿನಿಂದ ರಕ್ತ ಬಂದಾಗಲೇ ಗೊತ್ತಾಗುವುದುಂಟು. ಪ್ರತಿ ಸಲ ಸ್ಟ್ರಿಪ್ ತಂದಾಗ ಹಳೆಯ ಸ್ಟ್ರಿಪ್ಪಿನ ಅಂಕಿಯೊಡನೆ ತಾಳೆ ನೋಡಿ. ಸಂಜೆ ಒಂದೇ ಹೊತ್ತಿಗೆ ಕೊಡಿ. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಡಿ. ಮಾವನವರು ಸಂಜೆಗಳಲ್ಲಿ ಗುಂಡು ಹಾಕುವವರಾದರೆ ಅದನ್ನೂ ಡಾಕ್ಟರಿಗೆ ಹೇಳಿಬಿಡಿ, ಡೋಸ್ ಲೆಕ್ಕ ಹಾಕಲು ಅದೂ ಬೇಕು.